ಪದಚರ್ಚೆ: ಬಾಟಲಿಯಲ್ಲಿ ಸಾಕುವ ಹಣ್ಣಿನ ನೊಣಕ್ಕೆ ಏನೆನ್ನೋಣ?

ಶಿರಸಿಯಿಂದ, ಬುಧವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ನಾಳೆ ಸಂಜೆಯೊಳಗೆ ನನಗೆ ಮೂರು ಪದ ಬೇಕು. ಬೋರ್ಡು ಬರೆಯುವವರು ಕಾಯುತ್ತಿದ್ದಾರೆ.

ಶನಿವಾರ ನಮ್ಮ ಹೈಸ್ಕೂಲಿನಲ್ಲಿ ವಿಜ್ಞಾನ ಪ್ರದರ್ಶನ. ಒಂಬತ್ತನೇ ತರಗತಿಯ ಮಕ್ಕಳು ಡ್ರೊಸೊಫಿಲ ಎಂಬ ಸಣ್ಣ ಹಣ್ಣಿನ ನೊಣವನ್ನು ತೋರಿಸುತ್ತಾರೆ. ಎರಡು ತಿಂಗಳಿಂದ ಬಾಟಲಿಗಳು ನಮ್ಮ ಮನೆಯಲ್ಲೇ ಇವೆ. ಹಿತ್ತಲಲ್ಲಿ ಕಳಿತ ಬಾಳೆಹಣ್ಣು ಇಟ್ಟು ಹಿಡಿದ ನೊಣಗಳು. ತಳದಲ್ಲಿ ಗೋಧಿ ರವೆ, ಬೆಲ್ಲ, ಚೈನಾ ಗ್ರಾಸ್ ಹಾಕಿ ಕಾಯಿಸಿದ ಗಂಜಿ. ಬೂಸ್ಟು ಬರದ ಹಾಗೆ ಸ್ವಲ್ಪ ವಿನೆಗರ್. ಆರಿದ ಮೇಲೆ ನಾಲ್ಕು ಕಾಳು ಯೀಸ್ಟ್. ಬಾಯಿಗೆ ಹತ್ತಿ. ಇರುವೆ ಹತ್ತದಂತೆ ಎಲ್ಲವನ್ನೂ ನೀರು ಹಾಕಿದ ಪರಾತದಲ್ಲಿ ನಿಲ್ಲಿಸಿದ್ದೇವೆ.

ಮೊದಲ ಪ್ರಶ್ನೆ ನೊಣದ ಹೆಸರಿನದು. 'ಹಣ್ಣಿನ ನೊಣ' ಅಂತ ಬರೆದರೆ ಇಲ್ಲಿ ನೋಡಲು ಬರುವ ಅಪ್ಪ ಅಮ್ಮಂದಿರೆಲ್ಲ ತೋಟದವರು. ಅವರಿಗೆ ಹಣ್ಣಿನ ನೊಣ ಅಂದರೆ ಮಾವಿಗೆ ಚುಚ್ಚಿ ಮೊಟ್ಟೆ ಇಡುವ ಬ್ಯಾಕ್ಟ್ರೊಸೆರಾ. ಅದಕ್ಕೇ ಅಲ್ವಾ ಮರಕ್ಕೆ ಮೋಹಕ ಬಲೆ ಕಟ್ಟುವುದು? ಅದನ್ನು ಮಕ್ಕಳು ಸಾಕುತ್ತಿದ್ದಾರೆ ಅಂದುಕೊಂಡರೆ ಗಲಾಟೆಯೇ ಆದೀತು. ನಮ್ಮದು ಬೇರೆಯೇ ಕುಟುಂಬದ ಕೀಟ. ಒಳ್ಳೆಯ ಹಣ್ಣನ್ನು ಚುಚ್ಚುವ ಶಕ್ತಿ ಇದಕ್ಕಿಲ್ಲ. ಕೊಳೆತು ಹುಳಿಬಂದ ಹಣ್ಣಿನ ಮೇಲಿನ ಯೀಸ್ಟೇ ಇದರ ಊಟ.

ಎರಡನೆಯದು 'ಕಲ್ಚರ್' ಎಂಬ ಮಾತಿಗೆ, ಅಂದರೆ ಹೀಗೆ ಬಾಟಲಿಯಲ್ಲಿ ಸಾಕಿ ಬೆಳೆಸುವುದಕ್ಕೆ. ಮೂರನೆಯದು, ಹಳೇ ಬಾಟಲಿಯ ನೊಣಗಳನ್ನು ಹೊಸ ಬಾಟಲಿಗೆ ದಾಟಿಸುವ ಕೆಲಸಕ್ಕೆ. 'ಸ್ಥಳಾಂತರ' ಬೇಡ, ಅದು ಸರ್ಕಾರಿ ಆದೇಶದ ಹಾಗೆ ಕೇಳುತ್ತದೆ.

ಕಾರವಾರದಿಂದ, ಬುಧವಾರ ರಾತ್ರಿ

ಡ್ರೊಸೊಫಿಲ ಅಂತಲೇ ಬರೆಯಿರಿ. ಕಲ್ಚರ್ ಅಂತಲೇ ಬರೆಯಿರಿ. ಮಕ್ಕಳು ಮುಂದೆ ಓದುವುದು ಅದೇ ಹೆಸರಿನಲ್ಲಿ. ಇದರಲ್ಲಿ ಚರ್ಚೆಗೆ ಏನೂ ಇಲ್ಲ.

ಧಾರವಾಡದಿಂದ, ಗುರುವಾರ ಬೆಳಿಗ್ಗೆ

ಇದೆ. ಬಹಳ ಇದೆ.

ನೊಣ ಎಂಬುದು ನೊಳ, ನೊಳವು ಎಂಬ ಹಳೆಯ ರೂಪಗಳ ಪದ. ತಮಿಳಿನ ನುಳಂಬು ಇದರ ಒಡಹುಟ್ಟು. ಇಷ್ಟು ಹಳೆಯ ಬೇರಿರುವ ಪದ ಕೈಯಲ್ಲಿರುವಾಗ ಗ್ರೀಕಿನ ಬಾಗಿಲಿಗೆ ಯಾಕೆ ಹೋಗಬೇಕು? ಹೋಗುವುದಾದರೂ ಅರ್ಥ ತಂದುಕೊಳ್ಳಿ, ಸದ್ದು ತರಬೇಡಿ. ಸ್ವೀಡನ್ನಿನ ಕೀಟತಜ್ಞ ಫಾಲೆನ್ 1823ರಲ್ಲಿ ಇಟ್ಟ ಹೆಸರು ಡ್ರೊಸೊಫಿಲ. ಡ್ರೊಸೊಸ್ ಅಂದರೆ ಇಬ್ಬನಿ, ಫಿಲ ಅಂದರೆ ಒಲಿದದ್ದು. ಜರ್ಮನಿಯವರು ಚೆಂದವಾಗಿ ಇಬ್ಬನಿನೊಣ ಅಂತಲೇ ಮಾಡಿಕೊಂಡಿದ್ದಾರೆ. ನಮಗೂ 'ಇಬ್ಬನಿನೊಣ' ಸಾಕು. ಜಾತಿಯ ಹೆಸರು ಬೇಕಾದರೆ ಮೆಲನೊಗ್ಯಾಸ್ಟರ್‌ಗೆ 'ಕರಿಹೊಟ್ಟೆ'. ಕಲ್ಚರ್‌ಗೆ 'ಒಕ್ಕಲು'. ನೆಲೆನಿಂತ ಮನೆತನ ಎಂಬ ಅರ್ಥ ಅದರಲ್ಲೇ ಇದೆ. ಮನೆಯೊಕ್ಕಲು ಅನ್ನುವುದಿಲ್ಲವೇ? ನೊಣದೊಕ್ಕಲು.

ಕುಮಟಾದಿಂದ, ಗುರುವಾರ ಬೆಳಿಗ್ಗೆ

ಅಕ್ಕೋರೇ, ಇಷ್ಟೆಲ್ಲ ಯಾಕೆ? ನಮ್ಮಲ್ಲಿ ಹಲಸಿನ ಹಣ್ಣು ಕೊಯ್ದರೆ ಬಂದು ಕೂರುವುದು ನುಸಿ. ನುಸಿ ಅಂತ ಬರೆಯಿರಿ.

ಶಿರಸಿಯಿಂದ, ಗುರುವಾರ ಮಧ್ಯಾಹ್ನ

ಶಾಲೆಯ ಊಟದ ಬಿಡುವಿನಲ್ಲಿ ಬರೆಯುತ್ತಿದ್ದೇನೆ.

ನುಸಿ ಒಳ್ಳೆಯ ಪದ, ಆದರೆ ಅದರ ತಲೆಯ ಮೇಲೆ ಹೊರೆ ಜಾಸ್ತಿಯಾಗಿದೆ. ಅಕ್ಕಿಯಲ್ಲಿ ನುಸಿ, ಬಟ್ಟೆಗೆ ನುಸಿಗುಳಿಗೆ, ತೆಂಗಿನ ಕಾಯಿಗೆ ನುಸಿರೋಗ. ತೆಂಗಿನ ನುಸಿ ನೊಣವೇ ಅಲ್ಲ, ಎಂಟು ಕಾಲಿನವರ ಬಳಗ. ನನಗೆ ದೊಡ್ಡ ತೊಡಕು ಅಲ್ಲೇ. ಬಾಟಲಿ ಹಳತಾದರೆ ಅದರೊಳಗೂ ಅಂಥದೇ ನುಸಿ ಸೇರಿಕೊಳ್ಳುತ್ತದೆ. ಆಮೇಲೆ ಪಕ್ಕದ ಬಾಟಲಿಗಳಿಗೂ ಹೋಗುತ್ತದೆ. ಅದಕ್ಕೇ ಮೂರು ನಾಲ್ಕು ವಾರಕ್ಕಿಂತ ಹಳೆಯ ಬಾಟಲಿ ಇಟ್ಟುಕೊಳ್ಳುವುದಿಲ್ಲ. ಬೋರ್ಡಿನ ಕೊನೆಯ ಸಾಲು 'ನುಸಿ ಬಂದ ಬಾಟಲಿ ಎಸೆಯಿರಿ' ಅಂತ ಇದೆ. ನೊಣವೂ ನುಸಿ, ನುಸಿಯೂ ನುಸಿ ಆದರೆ ಮಕ್ಕಳು ಎಲ್ಲವನ್ನೂ ಎಸೆಯುತ್ತಾರೆ!

ಇಬ್ಬನಿನೊಣ ಕೇಳಲು ಹಿತ. ಆದರೆ ನೋಡಿದವರಿಗೆ ಅದರಿಂದ ಯಾವ ಚಿತ್ರ ಸಿಗುತ್ತದೆ? ಅವರು ಅದನ್ನು ಕಂಡದ್ದು ಇಬ್ಬನಿಯ ಮೇಲಲ್ಲ, ಬಾಳೆಗೊನೆಯ ಮೇಲೆ. ಕರಿಹೊಟ್ಟೆಯೂ ಆಗದು. ಹಿತ್ತಲಲ್ಲಿ ಹಿಡಿದವೆಲ್ಲ ಒಂದೇ ಜಾತಿ ಅಂತ ನಾನು ಹೇಳಲಾರೆ. ಪಶ್ಚಿಮ ಘಟ್ಟದಲ್ಲಿ ಡ್ರೊಸೊಫಿಲ ಜಾತಿಗಳು ಬೇಕಾದಷ್ಟಿವೆ. ಬೋರ್ಡಿಗೆ ಇಡೀ ಬಳಗಕ್ಕೆ ಹೊಂದುವ ಹೆಸರು ಬೇಕು.

ನಮ್ಮ ಆಯಿ ಇವನ್ನು ನೊರಜು ಅನ್ನುತ್ತಾಳೆ. 'ಹಣ್ಣಿನ ನೊರಜು' ಆದೀತೇ?

ಸಿದ್ದಾಪುರದಿಂದ, ಗುರುವಾರ ಮಧ್ಯಾಹ್ನ

ನಾನು ಜೇನು ಸಾಕುವವನು. ನೊರಜು ನಮ್ಮಲ್ಲೂ ಇದೆ. ಕಣ್ಣಿನ ಸುತ್ತ ಹಾರುವ ಸಣ್ಣ ನೊಣಕ್ಕೂ ಅದನ್ನೇ ಹೇಳುತ್ತೇವೆ. 'ಹಣ್ಣಿನ' ಸೇರಿಸಿದರೆ ಗೊಂದಲ ಇಲ್ಲ.

ನಿಮ್ಮ ಮೂರನೇ ಪದ ನಮ್ಮ ಕೈಯಲ್ಲಿದೆ. ತುಡುವೆ ಪೆಟ್ಟಿಗೆಯಲ್ಲಿ ಹುಳ ಜಾಸ್ತಿಯಾದರೆ ಅವು ತಾವಾಗಿ ಪಾಲಾಗುತ್ತವೆ. ಪಾಲಾಗಿ ಹಾರಿಹೋಗುವ ಮೊದಲೇ ನಾವು ಪಾಲು ಮಾಡುತ್ತೇವೆ. ನೀವು ಬಾಟಲಿಯಿಂದ ಬಾಟಲಿಗೆ ಮಾಡುವುದೂ ಪಾಲೇ. ಆದರೆ ಬಾಟಲಿಯ ನೊಣಗಳಿಗೆ ಜೇನಿನ ಹಾಗೆ ಕುಟುಂಬ ಅನ್ನಬೇಡಿ. ಅದಕ್ಕೆ ರಾಣಿ ಇರಬೇಕು, ಕೆಲಸದ ಹಂಚಿಕೆ ಇರಬೇಕು. ನಿಮ್ಮ ನೊಣ ಮೊಟ್ಟೆ ಇಟ್ಟು ಸುಮ್ನೆ ಹೋಗುತ್ತದೆ.

ಅಂಕೋಲೆಯಿಂದ, ಗುರುವಾರ ಮಧ್ಯಾಹ್ನ

ಒಕ್ಕಲು ಎಂಬ ಸಲಹೆಯನ್ನು ನಾನು ಒಪ್ಪುವುದಿಲ್ಲ. ನಮ್ಮ ಅಜ್ಜ ಗೇಣಿ ಒಕ್ಕಲು. 1974ರ ಭೂಸುಧಾರಣೆ ಬಂದ ಮೇಲೆ ನಾವು ಉತ್ತ ಗದ್ದೆ ನಮ್ಮ ಹೆಸರಿಗೆ ಆಯಿತು. ಈ ಜಿಲ್ಲೆಯಲ್ಲಿ ಒಡೆಯ, ಒಕ್ಕಲು ಎಂಬ ಜೋಡಿ ಮಾತು ಕೇಳದವರು ಯಾರಿದ್ದಾರೆ? ಧಾರವಾಡದವರು ಪದದ ಬೇರು ನೋಡಿದರು, ಅದು ಬದುಕಿದ ಗದ್ದೆ ನೋಡಲಿಲ್ಲ. ಬಾಟಲಿಯ ನೊಣಕ್ಕೆ ಆ ಹೆಸರು ಹಚ್ಚಬೇಡಿ.

ಧಾರವಾಡದಿಂದ, ಗುರುವಾರ ಮಧ್ಯಾಹ್ನ

ನೋಯಿಸುವ ಉದ್ದೇಶ ಇರಲಿಲ್ಲ. ಒಕ್ಕಲು ಹಿಂದೆ ತೆಗೆದುಕೊಳ್ಳುತ್ತೇನೆ. ಆದರೆ 'ಕಲ್ಚರ್' ಬರೆದರೆ ನಾನು ಸುಮ್ಮನಿರುವವನಲ್ಲ. ಒಂದೊಂದೇ ಪದ ಬಿಟ್ಟುಕೊಟ್ಟರೆ ಕೊನೆಗೆ ಕನ್ನಡದಲ್ಲಿ ಉಳಿಯುವುದು ಬರೀ ಕ್ರಿಯಾಪದ.

ಕಾರವಾರದಿಂದ, ಗುರುವಾರ ಮಧ್ಯಾಹ್ನ

ಯಾವ ಲೋಕದಲ್ಲಿದ್ದೀರಿ? ಚಾವಿ, ಬಟಾಟೆ, ಅನಾನಸು, ಪೇರಲೆ, ಎಲ್ಲ ಪೋರ್ಚುಗೀಸರ ಜೊತೆ ಬಂದವು. ಯಾವುದು ಹೋಯಿತು ಕನ್ನಡದಿಂದ? ನಮ್ಮ ಮನೆಯಲ್ಲಿ ಕೊಂಕಣಿಯಲ್ಲಿ ನೊಣಕ್ಕೆ ಮೂಸ್. ಬೀದಿಗೆ ಬಂದರೆ ನೊಣ. ಶಾಲೆಗೆ ಹೋದರೆ ಡ್ರೊಸೊಫಿಲ. ಮೂರೂ ನನ್ನವೇ. ಎಲ್ಲಿಂದ ಬಂದೆ ಅಂತ ನಾನು ಪದವನ್ನು ಕೇಳುವುದಿಲ್ಲ.

ಧಾರವಾಡದಿಂದ, ಗುರುವಾರ ಮಧ್ಯಾಹ್ನ

ಬಟಾಟೆ ಹೊಸ ವಸ್ತು, ಹೆಸರಿನ ಜೊತೆಗೇ ಬಂತು. ನೊಣ ಹೊಸದಲ್ಲ, ಸಾಕುವುದೂ ಹೊಸದಲ್ಲ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಶಿರಸಿಯಿಂದ, ಗುರುವಾರ ಸಂಜೆ

ಬೋರ್ಡಿನವರು ಎರಡು ಸಲ ಫೋನ್ ಮಾಡಿದರು. ಇಬ್ಬರ ಮಾತಿನಲ್ಲೂ ನನಗೆ ಬೇಕಾದದ್ದು ಸಿಕ್ಕಿತು. ಧಾರವಾಡದವರು 'ಸಾಕುವುದು ಹೊಸದಲ್ಲ' ಅಂದರಲ್ಲ, ಅಲ್ಲೇ ಉತ್ತರ ಇದೆ. ಜೇನು ಸಾಕಣೆ, ಮೀನು ಸಾಕಣೆ ಇದ್ದ ಹಾಗೆ ನೊರಜು ಸಾಕಣೆ. ಕಾರವಾರದವರು ಹೇಳಿದ ಹಾಗೆ ಡ್ರೊಸೊಫಿಲವೂ ಇರಬೇಕು. ಮುಂದೆ ಯಾವಳಾದರೂ ಹುಡುಗಿ ಮೈಸೂರಿನ ಮಾನಸಗಂಗೋತ್ರಿಗೆ ಹೋಗಿ ಅಲ್ಲಿಯ ಡ್ರೊಸೊಫಿಲ ತಳಿಗಳನ್ನು ನೋಡಿದರೆ, ಇದು ನಮ್ಮ ನೊರಜೇ ಅಂತ ಗುರುತು ಸಿಗಬೇಕು. ಅದು ನನ್ನ ದೊಡ್ಡ ಆಸೆ.

ಬರೆಯಲು ಕೊಟ್ಟದ್ದು ಇದು:

"ಹಣ್ಣಿನ ನೊರಜು (ಡ್ರೊಸೊಫಿಲ). ಮನೆಯಲ್ಲಿ ಸಾಕಣೆ. ಇದು ಮಾವಿಗೆ ಚುಚ್ಚುವ ನೊಣ ಅಲ್ಲ. 25 ಡಿಗ್ರಿ ಬಿಸಿಯಲ್ಲಿ ಸುಮಾರು 10 ದಿನಕ್ಕೆ ಮೊಟ್ಟೆ ನೊಣವಾಗುತ್ತದೆ. ಚಳಿಯಿದ್ದರೆ ತಡ. ಬಿಸಿಲಿಗೆ ಇಡಬೇಡಿ. ಪಾಲು ಮಾಡುವಾಗ ಬಾಟಲಿಯನ್ನು ಮೆತ್ತನೆ ಬಟ್ಟೆಯ ಮೇಲೆ ಮೆಲ್ಲಗೆ ಕುಟ್ಟಿ. ನೊರಜು ತಳಕ್ಕೆ ಬೀಳುತ್ತವೆ. ಕೂಡಲೇ ಹತ್ತಿ ತೆಗೆದು ಹೊಸ ಬಾಟಲಿಯನ್ನು ಬೋರಲು ಹಾಕಿ ಬಾಯಿಗೆ ಬಾಯಿ ಕೂರಿಸಿ. ಅವು ತಾವಾಗಿ ಮೇಲೆ, ಬೆಳಕಿನ ಕಡೆಗೆ ಹತ್ತುತ್ತವೆ. ನುಸಿ ಬಂದ ಬಾಟಲಿ ಎಸೆಯಿರಿ."

ಇನ್ನೊಂದು ಪದ ಉಳಿದಿದೆ, ಅದಕ್ಕೆ ಅವಸರವಿಲ್ಲ. ಕೋಶದಿಂದ ಹೊರಬಂದ ಹೆಣ್ಣು ಮೊದಲ 8 ಗಂಟೆ ಗಂಡನ್ನು ಕೂಡುವುದಿಲ್ಲ. ತಳಿ ಬೆರೆಸಿ ನೋಡಬೇಕೆಂದರೆ ಅಷ್ಟರೊಳಗೆ ಅದನ್ನು ಬೇರೆ ಇಡಬೇಕು. ಮುಂದಿನ ವರ್ಷ ಮಕ್ಕಳಿಂದ ಅದನ್ನು ಮಾಡಿಸಬೇಕು ಅಂತಿದ್ದೇನೆ. ಒಂಬತ್ತನೇ ತರಗತಿಯಲ್ಲಿ 'ಕನ್ನೆ' ಅಂದರೆ ಹಿಂದಿನ ಬೆಂಚಿನವರು ಮುಸಿಮುಸಿ ನಗುತ್ತಾರೆ. ಬೇರೆ ಪದ ತಿಳಿದವರು ಬರೆಯಿರಿ.

ಸಿದ್ದಾಪುರದಿಂದ, ಗುರುವಾರ ರಾತ್ರಿ

'ಹೊಸ ಹೆಣ್ಣು' ಅನ್ನಿ ಅಕ್ಕೋರೇ. ಶನಿವಾರ ನೋಡಲು ಬರುತ್ತೇನೆ.