ಆಟೋ ಮೀಟರಿನ ಗ್ರಾಫಿಗೆ ಇಳಿಜಾರು ಎಷ್ಟು?

ಪ್ರಶ್ನೆ: ಮಗಳಿಗೆ ಇಳಿಜಾರು (ಗ್ರಾಫಿನ ಗೆರೆ ಎಷ್ಟು ಕಡಿದಾಗಿ ಏರುತ್ತೆ ಅನ್ನೋ ಅಳತೆ, slope) ಹೇಳಿಕೊಡೋಕೆ ಬೆಂಗಳೂರಿನ ಆಟೋ ದರ ತಗೊಂಡೆ. 2025ರ ಆಗಸ್ಟ್‌ನಿಂದ ಮೊದಲ 2 ಕಿ.ಮೀ.ಗೆ 36 ರೂಪಾಯಿ, ಆಮೇಲೆ ಕಿ.ಮೀ.ಗೆ 18. ಹಾಲಿನ ಲೆಕ್ಕದ ಪುಸ್ತಕದ ಹಿಂದೆ ಅಡ್ಡಕ್ಕೆ ದೂರ, ಮೇಲಕ್ಕೆ ಬಾಡಿಗೆ ಇಟ್ಟು ಗೆರೆ ಎಳೆದ್ರೆ, ಮೊದಲು ಮಲಗಿದೆ, ಆಮೇಲೆ ಎದ್ದು ಹತ್ತುತ್ತೆ. ‘ಇಳಿಜಾರು ಯಾವುದಪ್ಪಾ?’ ಅಂತಾಳೆ. ನನಗೇ ಗೊಂದಲ.

ಉತ್ತರ 1: ಎರಡು ತುಂಡು, ಎರಡು ಇಳಿಜಾರು. ಮೊದಲ ತುಂಡಲ್ಲಿ ದೂರ ಬದಲಾದರೂ ಬಾಡಿಗೆ ಕದಲಲ್ಲ, ಸೊನ್ನೆ. ಆಮೇಲೆ 5 ಕಿ.ಮೀ.ಗೆ 90, 7ಕ್ಕೆ 126. ಹೆಚ್ಚಿದ 36 ರೂಪಾಯಿಯನ್ನ ಹೆಚ್ಚಿದ 2 ಕಿ.ಮೀ.ಯಿಂದ ಭಾಗಿಸಿ: 18.

ಉತ್ತರ 2: ಹತ್ತುವ ಗೆರೆಗೆ ಸ್ಕೇಲಿಟ್ಟು ಹಿಂದಕ್ಕೆ ಎಳೀರಿ. ಸೀದಾ ಮೂಲಬಿಂದುವಿಗೇ, ಅಂದ್ರೆ ದೂರವೂ ಬಾಡಿಗೆಯೂ ಸೊನ್ನೆ ಇರೋ ಮೂಲೆಗೇ ಬರುತ್ತೆ.

ಪ್ರಶ್ನೆ ಕೇಳಿದವರು: ಎಳೆದೆ, ಬಂತು! ಅಷ್ಟರಲ್ಲಿ ಅವಳು ‘ರಾತ್ರಿ ಒಂದೂವರೆ ಪಟ್ಟು ಅಲ್ವಾ?’ ಅಂತ ಕೆಂಪು ಪೆನ್ನಲ್ಲಿ 27ರ ಗೆರೆ ಶುರು ಮಾಡಿದ್ದಾಳೆ.