ಹೆಂಡತಿ ಗೆದ್ದರೆ ಗಂಡನದ್ದೇ ದರ್ಬಾರಾ?

ಹನುಮಂತನಗರದ ಗೃಹಿಣಿ:
ನಿನ್ನೆ ರಾತ್ರಿ ಊಟದ ಹೊತ್ತಿಗೆ ನಮ್ಮೆಜಮಾನರ ಜೊತೆ ಜಗಳವೇ ಆಯಿತು. ಲೋಕಸಭೆಯಲ್ಲಿ ಹೆಂಗಸರಿಗೆ ಮೂರನೇ ಒಂದು ಭಾಗ ಸೀಟು ಕೊಟ್ಟರೆ ಗಂಡಂದಿರೇ ಆಳುತ್ತಾರೆ ಅಂತ ಅವರ ವಾದ. ಹಿಂದೆ ನಮ್ಮ ಬೀದಿಯ ಮೋರಿ ಕಟ್ಟಿಕೊಂಡಾಗ ಕಾರ್ಪೊರೇಟರ್ ಮೇಡಂಗೆ ಫೋನ್ ಮಾಡಿದರೆ ಎತ್ತುತ್ತಿದ್ದುದು ಅವರ ಯಜಮಾನರು. ನಿಜವೇ, ಮಾತಾಡಿದ್ದು ನಾನೇ! ಈಗ ಏನಂತ ಎದುರು ಹೇಳಲಿ? ಸಾರು ತಣ್ಣಗಾಗಿದ್ದಷ್ಟೇ ಲಾಭ.

ರಾಜಾಜಿನಗರದ ನಿವೃತ್ತ ಮೇಷ್ಟ್ರು:
ಅಮ್ಮಾ, 1987ರ ಜಿಲ್ಲಾ ಪರಿಷತ್ ಚುನಾವಣೆಯಲ್ಲಿ ನಮ್ಮ ರಾಜ್ಯ ಹೆಂಗಸರಿಗೆ ಶೇ 25 ಸೀಟು ಕೊಟ್ಟಾಗಲೂ ಇದೇ ಮಾತು. ನಮ್ಮೂರ ಸದಸ್ಯೆ ಮೊದಲ ಸಭೆಗೆ ಬಾಯಿಗೆ ಸೆರಗು ಹಿಡಿದು ಬಂದರು. ವರ್ಷ ಕಳೆಯುವಷ್ಟರಲ್ಲಿ ರಿಜಿಸ್ಟರ್ ಪೂರ್ತಿ ಓದದೆ ಸಹಿ ಹಾಕುತ್ತಿರಲಿಲ್ಲ.

ಯಲಹಂಕದಿಂದ:
ಹೆಂಗಸರಿಗೆ ಸೀಟು ಮೀಸಲಿಡುವ ಈ ಮಸೂದೆ ಮೊದಲು ಬಂದಿದ್ದು 1996ರಲ್ಲಿ, ನಮ್ಮ ದೇವೇಗೌಡರು ಪ್ರಧಾನಿ ಆಗಿದ್ದಾಗ. ಪಾಸಾಗಿದ್ದು 2023ರಲ್ಲಿ. ಅದರಲ್ಲೂ ಜನಗಣತಿ, ಕ್ಷೇತ್ರ ವಿಂಗಡಣೆ ಆದಮೇಲೆ ಅಂತ ಷರತ್ತು. 2024ರಲ್ಲಿ ರಾಜ್ಯದಿಂದ ಗೆದ್ದ 28 ಸಂಸದರಲ್ಲಿ ಹೆಂಗಸರು 3 ಜನ. ಮಗ, ಅಳಿಯ ಟಿಕೆಟ್ ತಗೊಂಡಾಗ ಆಳೋದು ಯಾರು ಅಂತ ಯಾರೂ ಕೇಳಲ್ಲ, ಅಲ್ವಾ?

ಹನುಮಂತನಗರದ ಗೃಹಿಣಿ:
ಓದಿ ಹೇಳಿದೆ. "28ಕ್ಕೆ ಮೂರೇನಾ?" ಅಂದರು. ಆಮೇಲೆ ಸುಮ್ನೆ ಪೇಪರ್ ತಿರುವಿದರು.