ಕೊಲೆ ಕಥೆಗಳು ನಮ್ಮನ್ನು ಯಾಕೆ ಇಷ್ಟು ಹಿಡಿದು ಕೂರಿಸುತ್ತವೆ?

ಕ್ಯಾತ್ಸಂದ್ರದ ಓದುಗ:
ತುಮಕೂರಿನಿಂದ ಬೆಂಗಳೂರಿಗೆ ಹೋಗುವ ಬೆಳಗಿನ ರೈಲಿನಲ್ಲಿ ಅಕ್ಕಪಕ್ಕದವರ ಮೊಬೈಲ್ ಗಮನಿಸಿದ್ದೀರಾ? ಎಷ್ಟೋ ಜನ ನಿಜವಾಗಿ ನಡೆದ ಕೊಲೆಗಳ ವಿಡಿಯೋ ನೋಡುತ್ತಿರುತ್ತಾರೆ. ಹೆಣ ಎಲ್ಲಿ ಸಿಕ್ಕಿತು, ಸುಳಿವು ಹೇಗೆ ಸಿಕ್ಕಿತು, ಬರೀ ಅದೇ. ಯಾರದೋ ಮನೆಯ ಸಾವನ್ನು ತಿಂಡಿ ತಿನ್ನುತ್ತಾ ನೋಡುವುದು ನನಗೆ ಸರಿ ಕಾಣುವುದಿಲ್ಲ. ಹೀಗೆ ನೋಡ್ತಾ ನೋಡ್ತಾ ಮನಸ್ಸು ಕಲ್ಲಾಗುವುದಿಲ್ವಾ?

ಶಿರಾ ಗೇಟ್ ನರ್ಸ್:
ಸರ್, ಹಾಗೆ ನೋಡುವವರಲ್ಲಿ ನಾನೂ ಒಬ್ಬಳು. ನೋಡುವುದು ಹೆದರಿಕೆಯಿಂದ. ನೈಟ್ ಶಿಫ್ಟ್ ಮುಗಿಸಿ ಒಬ್ಬಳೇ ಆಟೋ ಹತ್ತಬೇಕು. ಕಥೆ ಕೇಳುವಾಗೆಲ್ಲ ನನ್ನ ತಲೆಯಲ್ಲಿ ಓಡುವುದು ಒಂದೇ ಯೋಚನೆ: ಆ ಹೆಂಗಸಿಗೆ ಅನುಮಾನ ಬರಬೇಕಾಗಿದ್ದು ಯಾವಾಗ? ಅವಳ ಜಾಗದಲ್ಲಿ ನಾನಿದ್ದಿದ್ದರೆ ಏನು ಮಾಡುತ್ತಿದ್ದೆ?

ಎಸ್.ಎಸ್. ಪುರಂ ಲೆಕ್ಚರರ್:
ನಾನು ಮನಃಶಾಸ್ತ್ರ ಪಾಠ ಮಾಡುವವಳು. ಮೇಡಂ ಹೇಳಿದ್ದನ್ನೇ ಅಮೆರಿಕದ ಮನಃಶಾಸ್ತ್ರ ಸಂಶೋಧಕರಾದ ಅಮಾಂಡಾ ವಿಕರಿ ಮತ್ತು ಕ್ರಿಸ್ ಫ್ರೇಲಿ ಪರೀಕ್ಷೆ ಮಾಡಿ 2010ರಲ್ಲಿ ಪ್ರಕಟಿಸಿದರು. ನಿಜ ಅಪರಾಧದ ಪುಸ್ತಕಗಳ ಕಡೆ ಗಂಡಸರಿಗಿಂತ ಹೆಂಗಸರ ಒಲವೇ ಜಾಸ್ತಿ ಇತ್ತು. ಅದರಲ್ಲೂ ಸತ್ತವಳು ಹೆಣ್ಣಾಗಿದ್ದರೆ, ಕೊಂದವನ ಉದ್ದೇಶ ಏನೆಂದು ಹೇಳಿದ್ದರೆ, ತಪ್ಪಿಸಿಕೊಳ್ಳುವ ಉಪಾಯ ಇದ್ದರೆ ಅವರು ಆ ಪುಸ್ತಕವನ್ನೇ ಆರಿಸಿಕೊಂಡರು. ಅಪಾಯದ ಬಗ್ಗೆ ಸುರಕ್ಷಿತ ಜಾಗದಲ್ಲಿ ಕೂತು ಕಲಿಯುವ ಆಸೆ ಇದು. ಇದನ್ನು ಕಲ್ಲುಮನಸ್ಸು ಅನ್ನುವುದು ಅನ್ಯಾಯ.

ಕುಣಿಗಲ್ ಮೇಷ್ಟ್ರು:
ಕಲಿಯುವ ಆಸೆ ಸರಿ ಮೇಡಂ. ಆದರೆ ಆ ವಿಡಿಯೋಗಳು ಕಲಿಸುತ್ತಿರುವುದೇನು? ಕತ್ತಲ ರಸ್ತೆ, ಗುರುತಿಲ್ಲದ ಗಂಡಸು, ಸರಣಿ ಕೊಲೆಗಾರ. ನಮ್ಮ ದೇಶದ ಅಪರಾಧ ದಾಖಲೆ ಬ್ಯೂರೋದ ವರದಿ ತೆಗೆದು ನೋಡಿ. ಅತ್ಯಾಚಾರ ಪ್ರಕರಣಗಳಲ್ಲಿ ನೂರಕ್ಕೆ 90ಕ್ಕೂ ಜಾಸ್ತಿ ಕಡೆ ಆರೋಪಿ ಆಕೆಗೆ ಮೊದಲೇ ಗೊತ್ತಿದ್ದವನು. ನೆಂಟ, ನೆರೆಯವನು, ಸ್ನೇಹಿತ. ನಮ್ಮ ಹೆಣ್ಣುಮಕ್ಕಳು ಆಟೋದವನಿಗೆ ಹೆದರುವುದನ್ನು ಕಲಿಯುತ್ತಾರೆ. ಮನೆಯೊಳಗಿನವನ ಬಗ್ಗೆ ಅವರಿಗೆ ಯಾರೂ ಹೇಳುವುದಿಲ್ಲ.

ಇನ್ನೊಂದು ವಿಷಯ. ಟಿ.ವಿ. ಜಾಸ್ತಿ ನೋಡುವವರಿಗೆ ಲೋಕ ಇರುವುದಕ್ಕಿಂತ ಕ್ರೂರವಾಗಿ ಕಾಣುತ್ತದೆ ಎಂದು ಮಾಧ್ಯಮ ಸಂಶೋಧಕ ಜಾರ್ಜ್ ಗರ್ಬ್ನರ್ 1970ರ ದಶಕದಲ್ಲೇ ಬರೆದಿದ್ದರು. ಆ ಹೆದರಿಕೆ ಎಲ್ಲಿಗೆ ಹೋಗುತ್ತದೆ ಅನ್ನುವುದಕ್ಕೆ ದೂರ ಹೋಗಬೇಕಿಲ್ಲ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಾಟ್ಸ್‌ಆ್ಯಪ್ ಸುದ್ದಿ ನಂಬಿ ಜನ ಒಬ್ಬ ಅಮಾಯಕನನ್ನು ಹೊಡೆದು ಕೊಂದರು.

ಶಿರಾ ಗೇಟ್ ನರ್ಸ್:
ಮೇಷ್ಟ್ರೇ, ಸಯನೈಡ್ ಮಲ್ಲಿಕಾ ಪ್ರಕರಣ ನೆನಪಿದೆಯಾ? ಕತ್ತಲೂ ಇಲ್ಲ, ಗಂಡಸೂ ಇಲ್ಲ. ದೇವಸ್ಥಾನದಲ್ಲಿ ಕಷ್ಟ ಹೇಳಿಕೊಳ್ಳುವ ಹೆಂಗಸರ ಜೊತೆ ಸಲಿಗೆ ಬೆಳೆಸುತ್ತಿದ್ದಳು. ವಿಶೇಷ ಪೂಜೆ ಮಾಡಿಸೋಣ, ಒಡವೆ ಹಾಕಿಕೊಂಡು ಬನ್ನಿ ಅನ್ನುತ್ತಿದ್ದಳು. ಆಮೇಲೆ ವಿಷ ಕೊಡುತ್ತಿದ್ದಳು. 2007ರಲ್ಲಿ ಸಿಕ್ಕಿಬಿದ್ದಾಗ ನಮ್ಮ ಯಡಿಯೂರಿನ ಹೆಸರೂ ಬಂತು. ಆ ಕಥೆ ಕೇಳಿದ ಮೇಲೆ ನಮ್ಮಮ್ಮ ಯಾತ್ರೆಗೆ ಹೊರಟರೆ ಮೈಮೇಲೆ ಒಡವೆ ಹಾಕುವುದಿಲ್ಲ. ನಂಬಿಕೆ ಗಳಿಸಿ ಮೋಸ ಮಾಡುವವರನ್ನು ಗುರುತು ಹಿಡಿಯಲು ಇಂಥ ಕಥೆಯೇ ಬೇಕು.

ಕುಣಿಗಲ್ ಮೇಷ್ಟ್ರು:
ಇದನ್ನು ಒಪ್ಪುತ್ತೇನೆ. ಸಲಿಗೆ ಹೇಗೆ ಬೆಳೆಯಿತು ಅನ್ನುವುದನ್ನು ನಿಧಾನಕ್ಕೆ ಹೇಳಿದರೆ ಉಪಯೋಗವಿದೆ. ಎಷ್ಟು ಜನ ಹಾಗೆ ಹೇಳುತ್ತಾರೆ?

ಬಟವಾಡಿ ಹುಡುಗ:
ನಾನು ಗಂಡಸು, ನನಗೆ ಆ ಹೆದರಿಕೆ ಇಲ್ಲ. ಆದರೂ ನೋಡುತ್ತೇನೆ. ಒಬ್ಬ ಮನುಷ್ಯ ಅಲ್ಲಿಗೆ ಹೇಗೆ ಮುಟ್ಟಿದ ಅನ್ನುವುದು ತಿಳಿಯಬೇಕು, ಅಷ್ಟೇ.

ಎಸ್.ಎಸ್. ಪುರಂ ಲೆಕ್ಚರರ್:
ಅದಕ್ಕೂ ಒಂದು ಅಳತೆ ಇದೆ ತಮ್ಮಾ. ಕೋಲ್ಟನ್ ಸ್ಕ್ರಿವ್ನರ್ ಎಂಬ ಸಂಶೋಧಕ ಇಂಥ ಕುತೂಹಲವನ್ನು ನಾಲ್ಕು ಬಗೆ ಮಾಡಿದ್ದಾರೆ. ಅಪಾಯಕಾರಿ ಜನರ ಮನಸ್ಸಿನ ಬಗ್ಗೆ ಇರುವ ಕುತೂಹಲ ಅದರಲ್ಲಿ ಒಂದು. ನಿನ್ನದು ಅದೇ ಇರಬೇಕು.

ಗುಬ್ಬಿ ವಕೀಲ:
ನೋಡುವವರ ಮನಸ್ಸಿನ ಬಗ್ಗೆಯೇ ಮಾತಾಡಿದ್ದೀರಿ. ಸತ್ತವಳ ಮನೆಯವರ ಮಾತು ಯಾರೂ ಎತ್ತಲಿಲ್ಲ. ಅತ್ಯಾಚಾರಕ್ಕೆ ಒಳಗಾದವರ ಗುರುತು ಬಯಲು ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಮಿನಲ್ಲಿ 2 ವರ್ಷದವರೆಗೆ ಜೈಲು ಇದೆ. ಬರೀ ಕೊಲೆಯಾದವಳಿಗೆ ಆ ರಕ್ಷಣೆ ಇಲ್ಲ. ಅವಳ ಮದುವೆ ಫೋಟೋಗೆ ಸಂಗೀತ ಸೇರಿಸಿ ಹಾಕುತ್ತಾರೆ.

ಶಿರಾ ಗೇಟ್ ನರ್ಸ್:
ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ ಸರ್. ಮನೆಯವರ ಒಪ್ಪಿಗೆ ಕೇಳಿ, ಫೋಟೋ ಹಾಕದೆ ಕಥೆ ಹೇಳುವ ಚಾನೆಲ್ ಯಾವುದಾದರೂ ಇದ್ದರೆ ಹೇಳಿ. ನಾನು ಅದನ್ನೇ ನೋಡುತ್ತೇನೆ.